ನಾಪಾಸು

ಮೊದಲು ದೀಪ.
ಹಳೆಯ ವ್ಯಾನು ಹೊಸ್ತಿಲಲ್ಲೇ ಎಡವುವುದು ದೀಪಕ್ಕೆ:
ನಂಬರು ಪ್ಲೇಟಿನ ಮೇಲಿನ ಕಡಲೆಕಾಳಿನಷ್ಟು ಬಲ್ಬು,
ಯಾರೂ ತಿರುಗಿ ನೋಡದ್ದು.
ಆಮೇಲೆ ಟೈರು. ಹೊರಗೆ ಮದುಮಗ,
ಒಳ ಅಂಚಿನಲ್ಲಿ ನೂಲು ಎದ್ದಿರುತ್ತದೆ.
ಆಮೇಲೆ ಸ್ಪ್ರಿಂಗು. ಕೊನೆಯ ಸುತ್ತು ಮುರಿದು
ತನ್ನ ಬಟ್ಟಲಲ್ಲೇ ಮಲಗಿರುತ್ತದೆ,
‘ಸ್ವಲ್ಪ ಕಟಕಟ ಅನ್ನುತ್ತೆ, ಅಷ್ಟೆ’ ಅನ್ನುತ್ತಾನೆ ಯಜಮಾನ.

ಆದರೆ ಇದು ಲೂಯಿಸ್ ದ್ವೀಪ.
ಇಲ್ಲಿ ಎಲ್ಲದರ ಕೊನೆಗೂ ಉಪ್ಪು.
ಕಡಲು ಎರಚಿದ್ದು ಸಾಲದೆಂದು
ಚಳಿಗಾಲದಲ್ಲಿ ಕೌನ್ಸಿಲ್ಲಿನ ಲಾರಿ ಬಂದು
ರಸ್ತೆಗೂ ಎರಚಿ ಹೋಗುತ್ತದೆ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ,
ಇಲ್ಲಿ ನೀರೂ ಉಪ್ಪೇ.

ಗುರುವಾರ ಒಂಬತ್ತೂವರೆ, ಮರ್ಡೀನಾಳ ಬಿಳಿ ವ್ಯಾನು.
ಇಪ್ಪತ್ತೆರಡು ವರ್ಷ, ಎರಡನೆಯ ಎಂಜಿನ್ನು.
ಬಂದರಿನ ಹ್ಯಾಡಕ್ಕು, ಹೆರಿಂಗು ತುಂಬಿಕೊಂಡು
ನೆಸ್ಸಿನ ತುದಿಯವರೆಗೆ ಮನೆಮನೆಗೆ ಹಾರ್ನು ಹೊಡೆಯುವ ಗಾಡಿ,
ಭಾನುವಾರ ಬಿಟ್ಟು.
ಭಾನುವಾರ ಈ ಊರಲ್ಲಿ ವೈಪರು ಕೂಡ ಆಡಲು ಅಂಜುತ್ತದೆ.
ಬಾಗಿಲು ತೆರೆದರೆ ಕರಗಿದ ಐಸು, ಮೀನಿನ ಹೊರಪೆ,
ಸ್ಟಿಯರಿಂಗಿನ ಹಿಂದೆ ಒಂಟಿ ಕೈಗವಸು.
ಅವಳು ಕಾಯುವ ಕೋಣೆಗೆ ಹೋಗಲಿಲ್ಲ.
ನೆಲದ ಹಳದಿ ಗೆರೆಗೆ ಗಮ್‌ಬೂಟಿನ ತುದಿ ಸರಿಯಾಗಿ ತಾಗಿಸಿ
ಕೈಕಟ್ಟಿ ನಿಂತಳು.

ರೋಲರಿನ ಮೇಲೆ ಬ್ರೇಕು: ಎಡ ಚುರುಕು, ಬಲ ಸೋಮಾರಿ,
ಮಿತಿಯೊಳಗೇ ಇದೆ.
ಹ್ಯಾಂಡ್‌ಬ್ರೇಕು ಒಂಬತ್ತು ಹಲ್ಲು ದಾಟಿ ಒಪ್ಪಿಕೊಂಡಿತು.
ಲಿಫ್ಟು ಏರಿತು.
ನಮ್ಮ ಸುತ್ತಿಗೆ ಪುಟ್ಟದು, ಪ್ಲಾಸ್ಟಿಕ್ಕಿನ ತಲೆ,
ಹೊಡೆಯಲಿಕ್ಕಲ್ಲ, ಕೇಳಲಿಕ್ಕೆ,
ಮಡಕೆ ಕೊಳ್ಳುವವರು ಬೆರಳು ಮಡಿಸಿ ತಟ್ಟುವ ಹಾಗೆ.
ಟಣ್. ಟಣ್. ಟಣ್.
ಎಡಗಡೆಯ ಸಿಲ್ಲು, ಹಿಂದಿನ ಸ್ಪ್ರಿಂಗಿನ ಕೊಕ್ಕೆಯ ಹತ್ತಿರ
ದಬ್.
ಕಬ್ಬಿಣ ದಬ್ ಅನ್ನಬಾರದು.

ಕೆರೆದೆ. ಬಣ್ಣ ಸಿಪ್ಪೆಯಾಗಿ ಬಂತು.
ಅದರಡಿ ಬೂದು ಪುಟ್ಟಿ, ಪುಟ್ಟಿಯ ಬೆನ್ನಿಗೆ ಮುದುಡಿ ತುರುಕಿದ ಪೇಪರು,
ಯಾವುದೋ ವರ್ಷದ ಕುರಿ ಹರಾಜು, ಇನ್ನೂ ಓದಬಹುದು.
ಉಜ್ಜುಕಾಗದ ತಲುಪದ ಮೂಲೆಯಲ್ಲಿ
ಒಂದು ಹೆಬ್ಬೆಟ್ಟಿನ ಗುರುತು.
ನಡುವೆ ಓರೆ ಗೆರೆ, ಹಳೆ ಗಾಯದ್ದು.
ಆ ಗಾಯ ನನ್ನದು.

ಆಗ ನನಗೆ ಹದಿನೇಳು.
ಫಿನ್ಲೇಯ ಗ್ಯಾರೇಜು, ಈಗ ಅಲ್ಲಿ ಕಾರ್ಪೆಟ್ಟು ಮಾರುತ್ತಾರೆ.
‘ವೆಲ್ಡಿಂಗಿಗೆ ಅವಳ ಹತ್ತಿರ ದುಡ್ಡಿಲ್ಲ, ಮೆತ್ತೋ ಹುಡುಗಾ’ ಅಂದ.
ಮೆತ್ತಿದೆ. ಚೆನ್ನಾಗಿಯೇ ಮೆತ್ತಿದೆ. ಬೆನ್ನು ತಟ್ಟಿದ.
ಹದಿನಾಲ್ಕು ವರ್ಷ ಅದರ ಮೇಲೆ ಎಷ್ಟು ಸುತ್ತಿಗೆ ಆಡಿತೋ,
ಯಾರ ಯಾರ ಕಿವಿಯಲ್ಲಿ ಹತ್ತಿ ಇತ್ತೋ.

‘ಏನಂತೆ?’ ಗೆರೆಯಾಚೆಯಿಂದ ಅವಳು.
‘ಸಿಲ್ಲು ಹೋಗಿದೆ. ಯಾರೋ ಪುಟ್ಟಿ ಮೆತ್ತಿದ್ದಾರೆ.’
ಯಾರೋ.
ಲಿಫ್ಟಿನಡಿ ಉರುಳಿಹೋದ ನಟ್ಟಿನ ಹಾಗೆ ಆ ಎರಡಕ್ಷರ.
ಗೆರೆ ದಾಟದೆ ಬಗ್ಗಿ ನೋಡಿದಳು.
‘ಯಾರಾದರೇನು, ಇಷ್ಟು ವರ್ಷ ನಿಂತಿತಲ್ಲ.
ನನ್ನ ಮಂಡಿಗೆ ಡಾಕ್ಟರು ಹಾಕಿದ್ದು ಮೂರೇ ವರ್ಷಕ್ಕೆ ಬಿಟ್ಟಿತು.’

ಗಂಭೀರ ದೋಷ: ಒಂದು. ಬರೆದೆ.
ಸಲಹೆ: ವೈಪರು ಸೀಳಿದೆ, ಮುಂದಿನ ಎಡ ಟೈರು ಸವೆದಿದೆ.
‘ಎಷ್ಟಾಗುತ್ತೆ?’
ಹೇಳಿದೆ. ತಗಡು, ನಾಲ್ಕು ಗಂಟೆ ಕೂಲಿ, ಪೂರ್ತಿ ದರ.
ಕಡಿಮೆ ಹೇಳಿದ್ದರೆ ಯಾಕೆಂದು ಕೇಳುತ್ತಿದ್ದಳು.
ಚೀಟಿಯನ್ನು ಎಂಟಾಗಿ ಮಡಿಸಿ ಕೈಗವಸಿನೊಳಗೆ ತುರುಕಿದಳು,
ಮೀನಿನ ಡಬ್ಬಗಳನ್ನು ತಮ್ಮನ ಕಾರಿಗೆ ಎತ್ತಿ
ನೆಸ್ಸಿಗೆ ಹೊರಟಳು.

ವ್ಯಾನು ಇನ್ನೂ ಮೇಲೆಯೇ ಇತ್ತು.
ಹೆಬ್ಬೆರಳನ್ನು ಆ ಗುಳಿಗೆ ಇಟ್ಟು ನೋಡಿದೆ,
ಹಿಡಿಸಲಿಲ್ಲ. ಬೆರಳು ದಪ್ಪಗಾಗಿದೆ.
ಇನ್ನೊಮ್ಮೆ ಒತ್ತಿದೆ, ಜೋರಾಗಿ.
ಪುಟ್ಟಿ ಜಗ್ಗಲಿಲ್ಲ.
ಸುತ್ತಲಿನ ಕಬ್ಬಿಣ ಪುಡಿಪುಡಿಯಾಗಿ
ನನ್ನ ತೋಳಿನೊಳಗೆ ಇಳಿಯಿತು.