ಇರುವೆ ಕಚ್ಚಿದ ಹಾಗೆ

ಬೆಳಗಿನ ಐದೂ ಹನ್ನೆರಡರ ಸ್ಲೋ ಗಾಡಿಯಲ್ಲಿ
ಡೊಂಬಿವ್ಲಿಯಿಂದ ಮುಲುಂಡಿಗೆ ಬರುತ್ತೇನೆ,
ತೊಡೆಯ ಮೇಲೆ ಐಸಿನ ಡಬ್ಬಿ.
'ಜರಾ ಸರಕ್ತಾ ಕಾ' ಅನ್ನುತ್ತಾಳೆ ನಾಲ್ಕನೆಯವಳು.
ಮೂವರ ಸೀಟಿನಲ್ಲಿ ಆ 'ಜರಾ' ಎಷ್ಟು ಅಗಲದ್ದು ಅಂತ
ಹನ್ನೊಂದು ವರ್ಷವಾಯಿತು, ಅಳೆಯಲಾಗಿಲ್ಲ.

ಸೊಸೈಟಿಯ ರಿಜಿಸ್ಟರಿನಲ್ಲಿ ದಿನವೂ ಬರೆಯುತ್ತೇನೆ
ವಾರಿಜಾ ಕುಂದರ್, ದುಂಡಗೆ, ಬಿಡಿಬಿಡಿಯಾಗಿ.
ವಾಚ್‌ಮನ್ ಇಂಟರ್‌ಕಾಮಿನಲ್ಲಿ ಮೇಲಕ್ಕೆ ತಿಳಿಸುತ್ತಾನೆ:
'ಖೂನ್‌ವಾಲೀ ಆಯೀ ಹೈ.'
ಕೈಯಲ್ಲಿ ಒಂದು ಕತ್ತಿ ಮಾತ್ರ ಕಡಿಮೆ.

ಮೂರನೇ ಮಹಡಿಯ ಹೆಂಗಸು ತೋಳು ಚಾಚಿ ಕೇಳುತ್ತಾಳೆ
ನೀವು ಮದ್ರಾಸಿಯಾ?
ಅಲ್ಲ.
ಅದೇ, ಆ ಕಡೆಯವರು.
ಇನ್ನೊಂದು ಕೈ ಫ್ರಿಜ್ಜಿನ ದಿಕ್ಕಿಗೆ ಬೀಸುತ್ತದೆ,
ನನ್ನ ಹೊಳೆ, ದೋಣಿ, ಕಡಲು ಎಲ್ಲ
ಅದರ ಹಿಂದೆ ಬಿದ್ದು ಧೂಳು ಹಿಡಿದಿವೆಯೇನೋ ಎಂಬ ಹಾಗೆ.

ಇವು ಪರವಾಗಿಲ್ಲ. ಪರಭಾಷೆಯವು,
ಮಳೆಕೋಟಿನ ಮೇಲಿನ ನೀರು, ಕೊಡವಿದರೆ ಹೋಯಿತು.
ಒಳಗೆ ಇಳಿಯುವುದು ನಮ್ಮವರ ಮಾತು.
ಭಾನುವಾರ ಸಂಘದ ಹಾಲಿನಲ್ಲಿ, ಯಾರದೋ ಸೀಮಂತ,
ಕುರ್ಚಿ ಹತ್ತಿರ ಎಳೆದುಕೊಂಡು ಶುರು ಮಾಡುತ್ತಾರೆ
'ಬೇಜಾರು ಮಾಡಿಕೊಳ್ಳಬೇಡ ಮಾರಾಯ್ತಿ'.
ಬೇಜಾರು ಇನ್ನೂ ಗೇಟಿನ ಹತ್ತಿರವೂ ಬಂದಿಲ್ಲ,
ಆಗಲೇ ಅದಕ್ಕೊಂದು ಎಲೆ ಹಾಕಿಯಾಯಿತು.

'ಸುಮ್ಮನೆ ಕೇಳಿದೆ' ಅನ್ನುತ್ತಾರೆ.
ಸುಮ್ಮನೆ ಇರುವವರು ಸುಮ್ಮನೆ ಇರುತ್ತಾರಪ್ಪ.
'ಹಾಗಂತ ಅಲ್ಲ' ಅಂದರೆ ಹಾಗೆಯೇ.
'ನಾನಾದರೂ ಹೇಳದಿದ್ದರೆ ಹೇಗೆ' ಅಂದರೆ
ಆರು ಮಂದಿ ಹೇಳಿ ಕೈ ತೊಳೆದು ಹೋಗಿದ್ದಾರೆ.
ಎಲ್ಲಕ್ಕಿಂತ ಈ 'ಆದರೂ'.
'ಒಂದು ಹೆಣ್ಣಾದರೂ ಆಗಬಹುದಿತ್ತಲ್ಲ ನಿನಗೆ!'
ಆ ಮೂರು ಅಕ್ಷರಕ್ಕೆ ತಗುಲಿ
ಹುಟ್ಟದ ಮಗಳೂ ಹುಟ್ಟದ ಮಗನೂ ಒಟ್ಟಿಗೆ
ಎಲೆಯಿಂದ ಕೆಳಗೆ ಬಿದ್ದರು.
ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.

ಇಷ್ಟು ಲೆಕ್ಕ ಇಟ್ಟವಳು
ಸಿಕ್ಕಿದ ತೋಳಿಗೆಲ್ಲ ಹೇಳುತ್ತ ಬಂದದ್ದೇನು?
'ಮುಂಗೀ ಚಾವಲ್ಯಾಸಾರಖಂ', 'ಚೀಂಟೀ ಕಾಟೇಗೀ, ಬಸ್',
ಇರುವೆ ಕಚ್ಚಿದ ಹಾಗೆ, ಅಷ್ಟೇ.

ಪಾಡಳಕರ ಮಾಸ್ತರರು, ಎಂಬತ್ತೊಂದು ವರ್ಷ,
ನರವೇ ಸಿಗದ ಒಣ ತೋಳು.
ಎರಡನೇ ಸಲ ಚುಚ್ಚಿದಾಗ ಕನ್ನಡಕ ತೆಗೆದು ಅಂದರು:
'ಬಾಯಿ, ನಾನು ಮೂವತ್ತೈದು ವರ್ಷ ವ್ಯಾಕರಣ ಕಲಿಸಿದವನು.
ಸೂಜಿಗೆ ಒಳ್ಳೆಯ ಹೆಸರೇ ಇದೆ, ಸೂಜಿ ಅಂತ.
ಆ ಬಡಪಾಯಿ ಇರುವೆಯನ್ನು ಯಾಕೆ
ಸುಳ್ಳುಸಾಕ್ಷಿಗೆ ಎಳೆದು ತರುತ್ತೀ?'

ಮೆಟ್ಟಿಲು ಇಳಿಯುತ್ತ ಎಷ್ಟು ಹಗುರಾಗಿದ್ದೆ!
ಬಿ ವಿಂಗಿನಲ್ಲಿ ನೇರವಾಗಿ ಹೇಳಿದೆ:
ಇದು ಸೂಜಿ. ನೋಯುತ್ತದೆ.
ಸೊಸೆ ಅತ್ತೆಯ ಮುಖ ನೋಡಿದಳು, ಅತ್ತೆ ಸೊಸೆಯ ಮುಖ.
ಹತ್ತು ಗಂಟೆಗೆ ಲ್ಯಾಬಿನಿಂದ ಫೋನು.
ಆ ಮನೆಗೆ ನಾಳೆಯಿಂದ ಬೇರೆಯವರು ಹೋಗುತ್ತಾರಂತೆ.
'ಬುರಾ ಮತ್ ಮಾನ್ನಾ, ವಾರಿಜಾ ದೀದಿ.'
ಓ, ಹಿಂದಿಯಲ್ಲೂ ಎಲೆ ಹಾಕುತ್ತಾರೆ.

ಮರುದಿನ ಡೆಂಗಿ ಜ್ವರದ ಹುಡುಗಿ, ಮೃಣ್ಮಯೀ, ಏಳು ವರ್ಷ.
ಕಣ್ಣು ಬಿಗಿದು ಮುಚ್ಚಿದ್ದಾಳೆ.
ಸೂಜಿ ಅನ್ನಲಾರೆ. ಇರುವೆ ಅನ್ನಲಾರೆ.
'ಚಿಗಳಿ ಕಚ್ಚಿದ ಹಾಗೆ' ಅಂತ ಬಾಯಿಗೆ ಬಂತು,
ಮುಲುಂಡಿನಲ್ಲಿ ಯಾರಿಗೂ ಬೇಡದ ಮಾತು.
ಒಂದು ಕಣ್ಣು ತೆರೆಯಿತು. 'ಚಿಗಳಿ ಮ್ಹಣಜೆ?'

ಕೆಂಪಗಿರುತ್ತೆ. ಕಚ್ಚಿದರೆ ಉರಿಯುತ್ತೆ, ಚೆನ್ನಾಗೇ ಉರಿಯುತ್ತೆ.
ಮಾವಿನ ಮರದ ಮೇಲೆ, ನೂರಾರು ಸೇರಿ,
ಹಸಿ ಎಲೆಗೆ ಹಸಿ ಎಲೆ ಎಳೆದು ಹಿಡಿದು
ಮನೆ ಹೊಲಿಯುತ್ತವೆ.
'ದಾರ?'
ಮರಿಗಳ ಬಾಯಿಯಿಂದ.

ಅವಳು ಅದನ್ನೇ ಯೋಚಿಸುತ್ತ ಮಲಗಿದ್ದಳು,
ಮೇಲಿನ ಫ್ಯಾನು ನೋಡುತ್ತ, ತುಟಿ ಸ್ವಲ್ಪ ತೆರೆದು.
ಟ್ಯೂಬು ತುಂಬಿತು. ಹತ್ತಿ ಒತ್ತಿ ಹಿಡಿ ಅಂದೆ.
'ದುಖಲಂ' ಅಂದಳು. ನೋಯಿತು.
ಹೂಂ, ಅಂದೆ.