ತುಸು ಉದ್ದನೆಯ ಇಂಚು

ನನ್ನ ಪಟ್ಟಿಯೊಳಗಿನ ಇಂಚು
ನಿಮ್ಮ ಇಂಚಿಗಿಂತ ಒಂದೆಳಿ ಉದ್ದ.
ಕಾದ ಉಕ್ಕು ಆರೂವಾಗ ಕುಗ್ಗತೈತಿ,
ಫೂಟಿಗೆ ಕಾಲು ಇಂಚು.
ಅದಕ್ಕಽ ಕಟಿಗಿ ಅಚ್ಚು ಮಾಡಾಂವ
ಮೊದಲಽ ಸುಳ್ಳು ಹೇಳಬೇಕು,
ಅಳತಿ ಹಿಡಿದು ಹೇಳಬೇಕು.
ಉದ್ಯಮಬಾಗದಾಗ ಮೂವತ್ತೊಂದು ವರ್ಷ
ನಾ ಉಂಡ ರೊಟ್ಟಿ ಈ ಸುಳ್ಳಿಂದು.

ಸುಭೇದಾರ ಕಂಗ್ರಾಳಕರ ಗೋಣಿಚೀಲ ಹೊತ್ತು ತಂದು
ನನ್ನ ಮೇಜಿನ ಮ್ಯಾಲ ಸುರುವಿದರು:
ತುಕ್ಕು, ಒಣಗಿದ ಕೆಸರು, ಒಂದು ಸತ್ತ ಹಲ್ಲಿ,
ಪಟ್ಟಾದ ಕೊಂಡಿಗಳು.
ಲಡಾಯಿ ಮುಗಿದ ಮ್ಯಾಲ ಲಿಲಾವಿನ್ಯಾಗ ಹೋದ ಗಾಡಿ
ಖಾನಾಪುರದ ಹಂಚಿನ ಕಾರಖಾನಿಯೊಳಗ
ಹದಿನೆಂಟು ಮಳಿಗಾಲ ಜೇಡಿಮಣ್ಣು ಎಳೀತಂತ.
ಆಮ್ಯಾಲ ಅದರ ಹೊಟ್ಟ್ಯಾಗ
ಕೋಳಿ ತತ್ತಿ ಇಟ್ಟವು.

"ಬಡಿಗೇರ, ಮುನ್ನೂರಾ ಐವತ್ತೆರಡು ಬೇಕು.
ಒರಿಜಿನಲ್ ಆಗಬೇಕು."
ನಾ ನಕ್ಕೆ. ಹೊಸಾದು ಒರಿಜಿನಲ್ ಹ್ಯಾಂಗ ಆದೀತ್ರಿ ಸಾಹೇಬ್ರ?
ಅವರು ನಗಲಿಲ್ಲ.
ಪಿಂಚಣಿ ರೊಕ್ಕದಾಗ ನಗಿ ಇರೂದಿಲ್ಲ.

ಸವೆದದ್ದನ್ನ ಅಳೆದರ
ಸವಕಳಿಗೂ ಅಚ್ಚು ಬೀಳತೈತಿ.
ಪಿನ್ನಿನ ತೂತು ತತ್ತಿಯಾಕಾರ, ಹಲ್ಲು ಬೋಳು,
ಒಂದರ ಸುಳ್ಳು ಒಂದಕ್ಕ ಕೂಡೂದಿಲ್ಲ.
ಸೀಮೆಎಣ್ಣ್ಯಾಗ ತೊಳೆದು, ಕ್ಯಾಲಿಪರ್ ಹಿಡಿದು
ಎಂಟು ದಿವಸ ಕೂತೆ, ಎಲ್ಲಕ್ಕಿಂತ ಕಡಿಮಿ ಸವೆದದ್ದು ಹುಡುಕಿ.
ಸಿಕ್ಕಿತು.
ಅಂಚು ಚೂಪು, ತೂತು ದುಂಡಗ.
ಇದಽ ತಾಯಿ, ಅಂದೆ.
ಮ್ಯಾಲ ನನ್ನ ಉದ್ದನೆಯ ಇಂಚು ಕೂಡಿಸಿ
ಸಾಗವಾನಿಯೊಳಗ ಕೆತ್ತಿದೆ, ಮೂಲಿಮೂಲಿಗೆ ಮೇಣ ತುಂಬಿದೆ.

ದಸ್ತಗೀರ ಮರಳು ಬಡಿದ.
ಸರೋಜಾ ತೂತಿನ ಕೋರಿಗೆ ಕಾಕಂಬಿ ಕಲಿಸಿದಳು.
ಉಕ್ಕು ಸುರುವೂವಾಗ ಶೆಡ್ಡಿನ ತುಂಬ
ಸುಟ್ಟ ಬೆಲ್ಲದ ವಾಸನಿ.
ಬಂದೂಕು ಹೊತ್ತ ಗಾಡಿಗೆ ಕಾಲು ಎರೀತಾರ
ಅಂತ ಯಾರೂ ಅನ್ನೂಹಂಗ ಇರಲಿಲ್ಲ,
ಯಾರದೋ ಮನ್ಯಾಗ ಉಂಡಿ ಕಟ್ಟೂಹಂಗಿತ್ತು.

ಮುನ್ನೂರು ಮುಗಿದಿದ್ದವು.
ಅವತ್ತು ಕರೆಂಟು ಹೋಗಿತ್ತು, ಕೈಗೆ ಕೆಲಸಿಲ್ಲ,
ಸುಮ್ಮನ ಹಳೇ ಕೊಂಡಿ ಬ್ಯಾಟರಿ ಬೆಳಕಿಗೆ ಹಿಡಿದೆ.
ಉಳಿದವುಗಳ ಹೊಟ್ಟಿಗೆ ಕಂಪನಿ ಅಕ್ಷರ,
ಅರ್ಧಂಬರ್ಧ, ಆದರ ಇದ್ದವು.
ತಾಯಿಗಿರಲಿಲ್ಲ.
ಸವೆದಿರಬೇಕು ಅಂದುಕೊಂಡಿದ್ದೆ.
ಅಂಚು ಸವೆಯದ ಅಕ್ಷರ ಹ್ಯಾಂಗ ಸವೆದಾವು,
ಈ ಪ್ರಶ್ನೆ ಮೂರು ತಿಂಗಳು ತಡಾ ಮಾಡಿ ಬಂತು.

ವಾರಿ ಬೆಳಕಿನ್ಯಾಗ ಕಂಡಿತು:
ಸುತ್ತಿಗಿ ಕೂತ ಸಣ್ಣ ಸಣ್ಣ ತಗ್ಗು,
ಬೆಸದ ಗೆರಿ ಒಂದು, ಕೂದಲಷ್ಟು.
ಎತ್ತಿನ ಗಾಡಿ ಹಳಿಯ ಕಬ್ಬಣ!
ಖಾನಾಪುರದ ಯಾವನೋ ಕಮ್ಮಾರ
ಯಾವದೋ ಮಳಿಯೊಳಗ, ಕೊಂಡಿ ಕಡಿದು
ಗಾಡಿ ಕೆಸರಿನ್ಯಾಗ ಕೂತಾಗ,
ಮಾಲಕ ಹಿಂದ ನಿಂತು ಬೈಯೂವಾಗ,
ಬಡಿದು ಕೊಟ್ಟದ್ದು.
ಅವಗ ಪಟ್ಟಿ ಇತ್ತೋ, ಹೆಬ್ಬಟ್ಟಿನ ಅಳತಿಯೋ.
ಒರಿಜಿನಲ್ ಅಂಬೂ ಮಾತು ಅವನ ತಲ್ಯಾಗಿರಲಿಲ್ಲ,
ಹೊತ್ತು ಮುಣುಗೂದರೊಳಗ ಗಾಡಿ ದಾಟಬೇಕಿತ್ತು.

ನಾ ಎರದದ್ದೆಲ್ಲಾ ಅವನ ಕೈ.

ಮಚ್ಛೆಯ ಬಯಲಿನ್ಯಾಗ ನಿನ್ನೆ ಗಾಡಿ ನಡೀತು.
ಎಂಜಿನ್ ಮೂರು ಸಲ ಕೆಮ್ಮಿ
ನಾಕನೇದಕ್ಕ ದನಿ ತೆಗೀತು.
ಸುಭೇದಾರರು ಕನ್ನಡ ಬಿಟ್ಟು ಮರಾಠ್ಯಾಗ ಒದರಿದರು,
ಮರಾಠಿ ಬಿಟ್ಟು ಬರೇ ಒದರಿದರು.
ಕೆಂಪು ಮಣ್ಣಾಗ ಕೊಂಡಿ ಕೊಂಡಿಯ ಗುರುತು
ಸಾಲು ಹಿಡಿದು ಬಿದ್ದವು.
ಒಂದಕ್ಕ ಕೂತು ಬೆರಳಾಡಿಸಿದೆ.
ಎಡಗಡೆ ಪಟ್ಟಾದಾಗ ಅವನ ಕೊಂಡಿನೂ ಸೇರಿಸೇನಿ,
ಬಣ್ಣ ಒಂದಽ, ಹುಡುಕಿದರ ನನಗೂ ಸಿಗೂದಿಲ್ಲ.

"ಡಿಟ್ಟೋ ಒರಿಜಿನಲ್ಲೋ ಬಡಿಗೇರ!" ಅಂತ
ಇಳಿದು ಬಂದು ಅಪ್ಪಿಕೊಂಡರು, ಗ್ರೀಸಿನ ಸಮೇತ.
ಹೌದ್ರಿ, ಅಂದೆ.

ಹೇಳತೇನಿ.
ಬಾಕಿ ಒಂಬತ್ತು ಸಾವಿರ ಬರಲಿ ಮೊದಲ.