ತೆಂಕು ಮುಖದ ಬಿಸಿಲುಕೋಣೆ

ಬೆಣ್ಣೆ ಎಲ್ಲಿಟ್ಟೆ ದೆಲ್ಮಿರಾ, ಅಂತ ಅಡುಗೆಯವನು ಕೂಗುತ್ತಿದ್ದ.
ಬಿಸಿಲುಕೋಣೆಯಲ್ಲಿ, ಅನ್ನುತ್ತಿದ್ದೆ.
ಹೊಸ ಹುಡುಗಿಯರು ಪಿಸಕ್ಕನೆ ನಗುತ್ತಿದ್ದರು.
ಹಳಬರಿಗೆ ಗೊತ್ತು: ಕ್ಯಾಲಂಡ್ರಿಯಾ ಹೋಟೆಲಿನಲ್ಲಿ
ಕೆಡಬಾರದ್ದನ್ನೆಲ್ಲ ಇಡುತ್ತಿದ್ದುದು ಅಲ್ಲೇ.
ಬೆಣ್ಣೆ, ಮೀನು, ಮದುವೆಯ ಕೇಕು,
ಒಮ್ಮೆ, ಹಡಗು ಬರುವ ತನಕ ಎರಡು ದಿನ,
ಒಬ್ಬ ಸ್ವೀಡನ್ನಿನ ವ್ಯಾಪಾರಿಯ ಹೆಣ.

ಮೊಂತೆವಿದೇವೊದಲ್ಲಿ ಸೂರ್ಯ ಬಡಗಣದವನು.
ನಡುಹಗಲಿಗೆ ಬಡಗು ಬೀದಿಯ ಬಾಲ್ಕನಿಗಳಲ್ಲಿ
ಬೆಕ್ಕುಗಳ ಜೊತೆ ಮೈ ಚಾಚುತ್ತಾನೆ.
ತೆಂಕಣಕ್ಕೆ ಬರೀ ನದಿ, ಕಡಲಷ್ಟಗಲದ ಕಂದು ನದಿ,
ಅದರ ಮೇಲಿಂದ ಮೂಳೆ ಹುಡುಕಿಕೊಂಡು ಬರುವ ಗಾಳಿ.
ಅತ್ತ ಮುಖ ಮಾಡಿ ಇಡೀ ಗೋಡೆಗೆ ಗಾಜು ಹಾಕಿಸಿ
ಬಿಸಿಲುಕೋಣೆ ಎಂದು ಹೆಸರು ಬರೆಸಿದ
ಅಲೋಯ್ಜಾಸ್ ರಿಮ್ಕುಸ್, ಲಿಥುವೇನಿಯಾದವನು.
ಬಂದರಿನ ಗುಮಾಸ್ತ ಅವನನ್ನು ಅಲೋಯ್ಸಿಯೊ ಮಾಡಿದ,
ನಾವು ದೊನ್ ಅಲೋ ಮಾಡಿದೆವು.
ಇನ್ನೂ ಕತ್ತರಿಸಬಹುದಿತ್ತು.

ಮೊದಲ ಮೂರು ವರ್ಷ ಸೆರ್ರೊದ ಮಾಂಸದ ಕಾರ್ಖಾನೆಯಲ್ಲಿ
ದನದ ತೊಡೆಗಳನ್ನು ಕೊಕ್ಕೆಗೆ ಸಿಕ್ಕಿಸಿದನಂತೆ.
ರಾತ್ರಿ, ಮಾಂಸ ಕಟ್ಟುವ ಕಾಗದದ ಮೇಲೆ ಮೆಟ್ಟಿಲು ಬರೆದನಂತೆ.
ಆ ಮೆಟ್ಟಿಲು ನೀವು ಹತ್ತಿ ನೋಡಬೇಕು:
ಒದ್ದೆ ಹಾಸಿಗೆಬಟ್ಟೆಯ ಬುಟ್ಟಿ ಸೊಂಟದ ಮೇಲೆ,
ಐದು ಮಹಡಿ, ಮೂವತ್ತೊಂದು ವರ್ಷ,
ನನ್ನ ಮಂಡಿ ಇವತ್ತಿಗೂ ಅವನನ್ನು ಬೈದಿಲ್ಲ.
ಹೊರೆ ಹೊತ್ತವನೇ ಅಷ್ಟು ತಗ್ಗಿನ ಮೆಟ್ಟಿಲು ಎಳೆದಾನು.

ಊರು ಮೆಟ್ಟಿಲನ್ನು ಮರೆಯಿತು.
ಉದ್ಘಾಟನೆ ಜುಲೈಯಲ್ಲಿ, ಚಳಿ ಕಚ್ಚುವ ಕಾಲ.
ಮಂತ್ರಿಯ ಹೆಂಡತಿ ಬರಿದೋಳಲ್ಲಿ ಬಿಸಿಲುಕೋಣೆ ಹೊಕ್ಕವಳು
ಗಂಡನ ಕೋಟು ಕಳಚಿಸಿ ಹೊದ್ದಳಂತೆ.
ಮರುದಿನದ ಪತ್ರಿಕೆ: ‘ದಿಕ್ಕು ತಿಳಿಯದವನ ಹೋಟೆಲು.’
ಅವನ ಊರಲ್ಲಿ ಸೂರ್ಯ ತೆಂಕಣದವನು, ಪಾಪ,
ಮೈ ಭೂಮಿಯ ನಡು ದಾಟಿ ಬಂದರೂ
ಕೈ ಅಲ್ಲೇ ಉಳಿಯಿತು, ಅಂದರು ಕೆಲವರು.
ಮಾಲೀಕ ಚಿಯಾಪ್ಪರಾ ಬಾಕಿ ಹಣ ಕೊಡಲಿಲ್ಲ.
ಆಮೇಲೆ ಅವನು ಕಟ್ಟಿದ್ದು ಎರಡು ಬೇಕರಿ, ಒಂದು ಗ್ಯಾರೇಜು.

ವರ್ಷಕ್ಕೊಮ್ಮೆ, ಜುಲೈಯ ಯಾವುದೋ ಮಂಗಳವಾರ, ಬರುತ್ತಿದ್ದ.
ಕೋಟು ಬಿಚ್ಚದೆ ಗಾಜಿನ ಪಕ್ಕ ಕೂತು
ಬಿಸಿನೀರಿಗೆ ಮಾತ್ರ ಹೇಳುತ್ತಿದ್ದ, ಚಹಾಸೊಪ್ಪು ಜೇಬಿನಲ್ಲೇ.
ಮೀನಿನ ಬುಟ್ಟಿ ಸರಿಸುತ್ತ ಒಮ್ಮೆ ಕೇಳಿಯೇಬಿಟ್ಟೆ:
ದೊನ್ ಅಲೋ, ತಪ್ಪಿದ್ದೋ? ಬೇಕೆಂದೇ ಮಾಡಿದ್ದೋ?
ಲೋಟದ ಆವಿ ಗಾಜಿಗೆ ಹತ್ತಿತ್ತು, ತೋಳಿನಿಂದ ಒರೆಸಿದ.
ಮೀನು ಕೆಟ್ಟಿದೆಯೇ? ಅಂದ.
ಇಲ್ಲ, ಅಂದೆ.
ಹಾಗಾದರೆ ಸರಿ.

ಎರಡು ಚಳಿಗಾಲದ ನಂತರ
ತಾಕ್ವರೆಂಬೊ ಕಡೆಯ ಚಿತ್ರಗಾರ್ತಿಯೊಬ್ಬಳು ಬಂದು
ಬೆಣ್ಣೆಯನ್ನೂ ನನ್ನನ್ನೂ ಹೊರಗೆ ಹಾಕಿ
ನಾಲ್ಕು ತಿಂಗಳು ಅಲ್ಲಿ ಪೇರುಹಣ್ಣು ಬರೆದಳು.
ಇಲ್ಲಿ ಬೆಳಗ್ಗೆ ಇಟ್ಟ ನೆರಳು ಸಂಜೆಗೂ ಇಟ್ಟಲ್ಲೇ ಇರುತ್ತೆ, ಅಂದಳು,
ಬಾಡಿಗೆ ಎರಡರಷ್ಟು ಕೊಟ್ಟಳು.
ಅವನಿಗೆ ಹೇಳೋಣ ಅಂದುಕೊಂಡೆ.
ಆ ಜುಲೈಯಲ್ಲಿ ಮಂಗಳವಾರಗಳು ಸುಮ್ಮನೆ ಬಂದು ಹೋದವು.

ದಿಕ್ಕಿಲ್ಲದ ಹೆಣವೆಂದು ನಗರಸಭೆಯ ಗಾಡಿ ಒಯ್ಯುವುದರಲ್ಲಿತ್ತು.
ನಾವು ಹೋದೆವು, ಹೋಟೆಲಿನ ಹನ್ನೊಂದು ಜನ,
ಅಡುಗೆಯವನು ಏಪ್ರನ್ನಿನಲ್ಲೇ.
ಗುಂಡಿಯ ಬಳಿ ಅವನ ತಲೆ ಯಾವ ಕಡೆಗೆ ಎಂದು
ಒಂದು ಸಣ್ಣ ಜಗಳವೂ ಆಯಿತು.

ಈಗ ಹೋಟೆಲು ಮಾರಾಟವಾಗಿದೆ. ಬಿಸಿಲುಕೋಣೆಗೆ
ಹೀಟರು ಬರುತ್ತದಂತೆ, ನಡೆದರೂ ಮುಂದೆ ಸಾಗದ ಯಂತ್ರಗಳು ಬರುತ್ತವಂತೆ.
ಬಟ್ಟೆಯ ಬೀರು ಸರಿಸಿದಾಗ ಹಿಂದೆ ಸಿಕ್ಕಿತು
ನಕ್ಷೆಯ ಸುರುಳಿ, ಇಲಿ ಮೂಸಿ ಬಿಟ್ಟದ್ದು.
ಮೂಲೆಯಲ್ಲಿ ದಿಕ್ಕಿನ ಬಾಣ:
ಮೇಲಕ್ಕೆ ಬರೆದು ಅಳಿಸಿ, ಕೆಳಕ್ಕೆ ಬರೆದು ಅಳಿಸಿ,
ಮತ್ತೆ ಮೇಲಕ್ಕೆ, ಎಷ್ಟು ಸಲವೋ,
ಕಾಗದ ಸವೆದು ಅಲ್ಲೊಂದು ತೂತು,
ನನ್ನ ಕಿರುಬೆರಳು ಹೋಗುವಷ್ಟು.

ಯಾರಿಗೂ ತೋರಿಸಲಿಲ್ಲ.
ಮೇಜಿನ ಮೇಲೆ ಹಾಸಿ ಇಸ್ತ್ರಿ ಮಾಡಿದೆ,
ರೇಷ್ಮೆಗೆ ಇಡುವ ಕಾವಿನಲ್ಲಿ,
ತೂತಿನ ಸುತ್ತ ಜೋಪಾನವಾಗಿ.